ಹದಿನೇಳನೆಯ ಘಟಕ

ಬೆಳಗ್ಗೆ ತಿಂಡಿಯ ಹೊತ್ತಿಗೆ ಗಂಡ ಹೇಳಿ ನಗಿಸಿದ ಮಾತು ಅವಳದೇ ಆಗಿತ್ತು. ಹನ್ನೆರಡು ದಿನಗಳ ಹಿಂದೆ, ತಾಂತ್ರಿಕ ವಿಶ್ವವಿದ್ಯಾಲಯದ ಆಡಳಿತ ಕಟ್ಟಡದ ಮೂರನೆಯ ಮಹಡಿಯಲ್ಲಿ, ಹದಿನೆಂಟು ಜನ ದೊಡ್ಡವರ ಎದುರು, ತಾನೇ ಮಾಡಿದ ಕೋಷ್ಟಕದ ಪಕ್ಕ ನಿಂತು ಅವಳು ಆಡಿದ ಮಾತು. ಅದು ಮೂರು ಮಹಡಿ ಇಳಿದು, ಕ್ಯಾಂಟೀನು ಹೊಕ್ಕು, ಗೇಟಿನ ಕಾವಲುಗಾರನ ಬಾಯಲ್ಲಿ ಒಂದೆರಡು ದಿನ ತಂಗಿ, ಮೈದುಂಬಿಕೊಂಡು ಈಗ ಅವಳ ಅಡುಗೆಮನೆಗೇ ಬಂದು ಕೂತಿತ್ತು. "ಹದಿನೇಳನೇ ಘಟಕದ ಯಂತ್ರಗಳಿಗೆ ಸಿಗ್ತಿರೋ ವಿಶ್ರಾಂತಿ ನಮಗೆ ರಿಟೈರಾದ ಮೇಲೂ ಸಿಗಲ್ಲವಂತೆ," ಎಂದು ಹೇಳಿ ಗಂಡ ತಾನೇ ಮೊದಲು ನಕ್ಕ. ಆಮೇಲೆ, ತಟ್ಟೆಯ ಅಂಚನ್ನು ಒರೆಸುತ್ತ, "ಆ ಹದಿನೇಳು ಯಾರು ಗೊತ್ತಾ? ನಾವೇ. ನಮ್ಮ ಕಾಂಕ್ರೀಟ್ ಲ್ಯಾಬು. ಉಗ್ರಾಣದ ಗುಮಾಸ್ತ ಪಟ್ಟಿ ನೋಡಿದ್ನಂತೆ, ನಿನ್ನೆ ಹೇಳಿದ," ಎಂದ. ಅತ್ತೆ ನಕ್ಕ ರಭಸಕ್ಕೆ ಕೆಮ್ಮು ಬಂದು, ನೀರು ಕುಡಿದು, ಕಣ್ಣೊರೆಸಿಕೊಂಡು, "ಯಾರೋ ನಿನ್ನನ್ನ ಚೆನ್ನಾಗಿ ಬಲ್ಲವರೇ ಹೇಳಿರಬೇಕು ಬಿಡು," ಎಂದರು. ಒಲೆಯ ಮೇಲೆ ಹಾಲು ಉಕ್ಕಿತು. ಹಾಲು ಉಕ್ಕಿದ್ದು ದೊಡ್ಡ ಉಪಕಾರವಾಯಿತು. ಬೆನ್ನು ತಿರುಗಿಸಿ ನಿಂತು ಒಲೆಯನ್ನು ಎಷ್ಟು ಹೊತ್ತು ಬೇಕಾದರೂ ಒರೆಸಬಹುದಾಗಿತ್ತು. ಅವಳು ಒರೆಸಿದಳು. ಒಲೆ ಮದುವೆಯಲ್ಲಿ ಬಂದ ದಿನ ಕೂಡ ಅಷ್ಟು ಹೊಳೆದಿರಲಿಲ್ಲ.

ಸ್ಕೂಟರಿನ ಹಿಂದಿನ ಸೀಟಿನಲ್ಲಿ, ಅವನ ಹೆಗಲ ಮೇಲೆ ಕೈಯಿಟ್ಟು ಕೂತಾಗ, ಆ ಹೆಗಲು ತನ್ನ ಬೆರಳಿನಿಂದಲೇ ಎಲ್ಲವನ್ನೂ ಓದಿಕೊಂಡುಬಿಡುತ್ತದೇನೋ ಎನ್ನಿಸಿ ಕೈ ತೆಗೆದು ಸೀಟಿನ ಅಂಚು ಹಿಡಿದಳು. ಹತ್ತೊಂಬತ್ತು ವರ್ಷದಿಂದ ಇಬ್ಬರೂ ಒಂದೇ ಗೇಟಿನಲ್ಲಿ ಒಳಹೋಗುತ್ತಾರೆ. ಗೇಟು ದಾಟಿದ ಮೇಲೆ ಅವನು ಎಡಕ್ಕೆ, ಅವಳು ಬಲಕ್ಕೆ. ಅವನು ಸಿಮೆಂಟ್ ಮೇಷ್ಟ್ರು. ಹಾಗೆಂದೇ ಎಲ್ಲರೂ ಕರೆಯುತ್ತಾರೆ. ಅವಳು ಸಂಶೋಧನೆ ಮತ್ತು ವಿಶ್ಲೇಷಣಾ ವಿಭಾಗ. ವಿಭಾಗದ ಹೆಸರಿನಲ್ಲಿ ಸಂಶೋಧನೆ ಇರುವುದು ಫಲಕಕ್ಕೆ ಗೌರವ ಬರಲಿ ಎಂದು. ಮಾಡುವುದು ಎಣಿಕೆ. ಎಷ್ಟು ವಿದ್ಯಾರ್ಥಿಗಳು ಸೇರಿದರು, ಎಷ್ಟು ಮಂದಿ ನಡುವೆ ಬಿಟ್ಟರು, ಯಾರಿಗೆ ಎಲ್ಲಿ ಕೆಲಸ ಸಿಕ್ಕಿತು, ಯಾವ ಲ್ಯಾಬು ಎಷ್ಟು ಗಂಟೆ ನಡೆಯಿತು. ಹೆಣ್ಣು ನೋಡಲು ಬಂದ ದಿನ ಅತ್ತೆ, "ವಿಶ್ಲೇಷಣೆ ಅಂದ್ರೆ ಏನಮ್ಮ?" ಎಂದು ಕೇಳಿದ್ದರು. "ಬೇರೆಯವರು ಮಾಡಿದ ಕೆಲಸದ ಲೆಕ್ಕ ಇಡೋದು," ಎಂದಿದ್ದಳು. "ಅದನ್ನ ನಾನೂ ಜನ್ಮಪೂರ್ತಿ ಮಾಡಿದೀನಿ, ನನಗೆ ಯಾರೂ ಸಂಬಳ ಕೊಡಲಿಲ್ಲ ನೋಡು," ಎಂದು ಅತ್ತೆ ಅಂದೇ ಹೇಳಿ, ಅಂದೇ ಅವಳನ್ನು ಒಪ್ಪಿದ್ದರು.

"ಏನು ಇವಳೇ, ಮಾತೇ ಇಲ್ಲ?" ಎಂದ ಗಂಡ, ತಿರುವಿನಲ್ಲಿ ನಿಧಾನ ಮಾಡುತ್ತ.

"ಗಾಳಿ," ಎಂದಳು.

ಗಾಳಿ ಇರಲಿಲ್ಲ. ಇದ್ದದ್ದು ಆ ಹದಿನೆಂಟು ಜನರ ನಗು. ಅವಳ ಕೋಷ್ಟಕಗಳಿಗೆ ಯಾರೂ ಎಂದೂ ನಕ್ಕಿರಲಿಲ್ಲ, ಹೆಚ್ಚೆಂದರೆ ಆಕಳಿಸಿದ್ದರು. ಆ ದಿನ ಮಾತು ಬಾಯಿಂದ ಜಾರಿದ್ದೇ ತಡ ಇಡೀ ಕೋಣೆ ಗೊಳ್ಳೆಂದಿತ್ತು. ಜಾರಿದ್ದು ಎಂದು ಹೇಳಿಕೊಳ್ಳುವುದು ಕೂಡ ಸುಳ್ಳೇ. ಹಿಂದಿನ ಸಂಜೆ ಪಾತ್ರೆ ತೊಳೆಯುವಾಗ ಅದು ಹೊಳೆದಿತ್ತು. ಎರಡು ಸಲ ಮನಸ್ಸಿನಲ್ಲೇ ಹೇಳಿ ನೋಡಿ, "ಪಿಂಚಣಿ" ತೆಗೆದು "ರಿಟೈರಾದ ಮೇಲೂ" ಎಂದು ತಿದ್ದಿದ್ದಳು. ಆಗ ಪಕ್ಕದಲ್ಲೇ ನಿಂತು ತೊಳೆದ ಪಾತ್ರೆ ಒರೆಸುತ್ತಿದ್ದವನು ಈ ಗಂಡನೇ. ಲ್ಯಾಬುಗಳ ಹೆಸರು ತೆಗೆದು ಸಂಖ್ಯೆ ಕೊಡುವ ಕ್ರಮವೂ ಅವಳದೇ. ಹೆಸರು ಕಂಡರೆ ಮನಸ್ಸು ವಾಲುತ್ತದೆ, ಕುರುಡಾಗಿ ತೂಗಿದರೆ ತಕ್ಕಡಿ ಸರಿ ಎಂದು ಮೂರು ವರ್ಷ ವಾದಿಸಿ ಅದನ್ನು ಜಾರಿಗೆ ತಂದಿದ್ದಳು. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಅವಳಿಗೂ ಸಿಗದಂತೆ ಬೇರೆ ಕಚೇರಿಯಲ್ಲಿತ್ತು. ನಲವತ್ತೊಂದು ಲ್ಯಾಬುಗಳು. ಶೇಕಡ ಇಪ್ಪತ್ತೈದಕ್ಕಿಂತ ಕಡಿಮೆ ಹೊತ್ತು ನಡೆದದ್ದನ್ನು ಮುಚ್ಚಿ, ಜಾಗವನ್ನು ಹೊಸ ವಿಭಾಗಕ್ಕೆ ಕೊಡುವುದು. ಹದಿನೇಳಕ್ಕೆ ಬಂದದ್ದು ಒಂಬತ್ತು. ಇವತ್ತು ಮಧ್ಯಾಹ್ನ ಮೂರಕ್ಕೆ ಕೊನೆಯ ಸಭೆ. ಆಮೇಲೆ ಸಿಮೆಂಟ್ ಮೇಷ್ಟ್ರನ್ನು ಉಗ್ರಾಣಕ್ಕೆ ಹಾಕುತ್ತಾರೆ. ಪೊರಕೆ, ಬಲ್ಬು, ಕಾಗದದ ರೀಮುಗಳ ನಡುವೆ ಅವನು ಕೂತಿರುವುದನ್ನು ಕಲ್ಪಿಸಿಕೊಳ್ಳಲು ಅವಳಿಗೆ ಕಷ್ಟವಾಗಲಿಲ್ಲ, ಅದೇ ಭಯವಾಯಿತು.

ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ತೆರೆದು ಹದಿನೇಳರ ಸಾಲನ್ನು ಬಿಚ್ಚಿ ನೋಡಿದಳು. ಒಂಬತ್ತು ಎಲ್ಲಿಂದ ಬಂತು? ಆನ್‌ಲೈನ್ ಬುಕಿಂಗಿನಿಂದ. ಯಾರಾದರೂ ಲ್ಯಾಬು ಬಳಸಬೇಕೆಂದರೆ ಮೊದಲು ಅಲ್ಲಿ ಹೊತ್ತು ಕಾಯ್ದಿರಿಸಬೇಕು. ಕಾಯ್ದಿರಿಸಿದ ಗಂಟೆಗಳನ್ನು ಕೂಡಿಸಿದರೆ ಲೆಕ್ಕ. ಅವಳ ಗಂಡ ಬುಕಿಂಗ್ ಮಾಡಿಸುವವನೇ? ಮನೆಯಲ್ಲಿ ಸಾಮಾನಿನ ಪಟ್ಟಿ ಕೂಡ ಬರೆಯದೆ ಹೋಗಿ, ಸಾಬೂನು ಬಿಟ್ಟು ಬೆಂಕಿಪೊಟ್ಟಣ ತರುವ ಮನುಷ್ಯ. "ಬರೆದಿಟ್ಟು ಏನು ಮಾಡೋದು, ಕೆಲಸ ಆಗ್ಬೇಕು ಅಷ್ಟೇ" ಎನ್ನುವವನು. ಹತ್ತೊಂಬತ್ತು ವರ್ಷದಿಂದ ಬೈದ ಅದೇ ಸ್ವಭಾವ ತನ್ನ ಕೋಷ್ಟಕದೊಳಗೆ ಬಂದು ಕೂತಿದ್ದಾಗ ಅದನ್ನು ಗುರುತಿಸದೇ ಹೋದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಬೇರೆ ಯಾವ ಹೆಂಗಸಾದರೂ ಆ ಒಂಬತ್ತನ್ನು ನೋಡಿದ ಕೂಡಲೇ, ಅಯ್ಯೋ ಇದು ನಮ್ಮನೆಯವರದು, ಎನ್ನುತ್ತಿದ್ದಳು.

ವಿಭಾಗದ ಮುಖ್ಯಸ್ಥರಿಗೆ ಸಾರಾಂಶ ಸಾಹೇಬರೆಂದು ಹೆಸರು. ಯಾವ ವರದಿಯಲ್ಲೂ ಮೊದಲ ಪುಟ ದಾಟಿದವರಲ್ಲ. ಅವಳು ಬಾಗಿಲಲ್ಲಿ ನಿಂತ ಕೂಡಲೇ, "ಸಾರಾಂಶ ಹೇಳಿ," ಎಂದರು.

"ಸರ್, ಹದಿನೇಳನೇ ಸಂಖ್ಯೆ ತಪ್ಪಿರಬಹುದು."

"ಇರಬಹುದು ಅನ್ನೋದು ಸಾರಾಂಶ ಅಲ್ಲಮ್ಮ. ತಪ್ಪಿದೆಯಾ, ಸರಿಯಿದೆಯಾ?"

"ಹೋಗಿ ನೋಡಿ ಬಂದು ಹೇಳ್ತೀನಿ."

"ಹೋಗಿ ನೋಡೋದಾ?" ಸಾಹೇಬರು ನಿಜಕ್ಕೂ ಗಾಬರಿಯಾದರು. "ನಮ್ಮ ವಿಭಾಗದಿಂದ ಯಾರೂ ಹಾಗೆ ಹೋಗಿಲ್ಲವಲ್ಲ."

ಹೌದು, ಯಾರೂ ಹೋಗಿರಲಿಲ್ಲ. ಗಂಡನ ಲ್ಯಾಬಿಗೆ ಅವಳು ಕೊನೆಯ ಸಲ ಹೋಗಿದ್ದು ಮದುವೆಯಾದ ಹೊಸದರಲ್ಲಿ, ಅವನು ಬೀಗದಕೈ ಮರೆತಾಗ. ದಾರಿ ಕೇಳಿಕೊಂಡು ಹೋಗಬೇಕಾಯಿತು. ಉದ್ದನೆಯ ಷೆಡ್ಡು, ಎತ್ತರದ ಕಿಟಕಿಗಳು, ಒದ್ದೆ ಸಿಮೆಂಟಿನ ತಣ್ಣನೆಯ ವಾಸನೆ. ಹೊಸ್ತಿಲಲ್ಲೇ ಆ ವಾಸನೆ ಅವಳನ್ನು ತಡೆಯಿತು. ಇದು ದಿನಾ ಸಂಜೆ ತನ್ನ ಮನೆಗೆ ಬರುವ ವಾಸನೆ, ತಲೆದಿಂಬಿನ ವಾಸನೆ. ಒಳಗೆ ಹದಿನಾಲ್ಕು ಜನರಿದ್ದರು. ಕಾಲು ನಿಂತ ಕೂಡಲೇ ಕಣ್ಣು ಎಣಿಸಿಬಿಟ್ಟಿತ್ತು, ಅದು ಅವಳ ಕಣ್ಣಿನ ಹಾಳು ಚಾಳಿ. ಇಬ್ಬರು ಮರಳು ಜರಡಿ ಹಿಡಿಯುತ್ತಿದ್ದರು, ನಾಲ್ವರು ಕಲಸುತ್ತಿದ್ದರು, ಉಳಿದವರು ಒತ್ತುವ ಯಂತ್ರದ ಸುತ್ತ. ಕೈಯಲ್ಲಿದ್ದ ಹಾಳೆಯಲ್ಲಿ ಈ ಹೊತ್ತಿನ ಬುಕಿಂಗ್ ಎಂದು ನೋಡಿದರೆ ಸೊನ್ನೆ.

"ಆಂಟಿ, ನೀವು ಯಾರ ಅಮ್ಮ?" ಎಂದು ಸ್ನಾತಕೋತ್ತರದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಮೊಣಕೈವರೆಗೂ ಬೂದು ಬಣ್ಣ. ಉತ್ತರಕ್ಕೆ ಕಾಯದೆ, "ಒಂದು ನಿಮಿಷ ಇದನ್ನ ಹಿಡ್ಕೊಳ್ಳಿ," ಎಂದು ತೊಟ್ಟಿಯ ನೀರಿನಿಂದ ಎತ್ತಿದ ಕಾಂಕ್ರೀಟಿನ ಘನವೊಂದನ್ನು ಅವಳ ಕೈಗೆ ಕೊಟ್ಟು ಒರೆಸುವ ಬಟ್ಟೆ ಹುಡುಕಲು ಹೋದಳು. ಎಂಟು ಕಿಲೋ ಭಾರ. ಸೀರೆಯ ಮುಂಭಾಗವೆಲ್ಲ ಒದ್ದೆಯಾಯಿತು. ನೀಲಿ ಬಣ್ಣದಲ್ಲಿ ಅದರ ಮೇಲೆ ತಾರೀಖು ಬರೆದಿತ್ತು. ಇಪ್ಪತ್ತೆಂಟು ದಿನ ನೀರಲ್ಲೇ ಮಲಗಿದ್ದಂಥದ್ದು. ಅದನ್ನು ಎದೆಗವಚಿಕೊಂಡು ನಿಂತಾಗಲೇ ಷೆಡ್ಡಿನ ಆ ತುದಿಯಿಂದ ಒಂದು ದನಿ ಕೇಳಿತು. "ಆತುರ ಬೇಡ. ಅದೇ ಹೇಳುತ್ತೆ ಯಾವಾಗ ಒಡೀಬೇಕು ಅಂತ, ನೀನು ಕೇಳಿಸ್ಕೋ ಅಷ್ಟೇ." ಗಟ್ಟಿ ದನಿ, ಹಿಂದೆಮುಂದೆ ನೋಡದ ದನಿ. ಯಾರಪ್ಪ ಇದು ಎಂದು ತಿರುಗಿದರೆ ಅವಳ ಗಂಡ. ಮನೆಯಲ್ಲಿ ನೀರಿನ ಟ್ಯಾಂಕು ತುಂಬಿತೇ ಎಂಬುದಕ್ಕೂ "ತುಂಬಿರಬೇಕೇನೋ" ಎನ್ನುವವನು. ಇಲ್ಲಿ ಏಳೆಂಟು ಜನ ಅವನ ಬೆರಳನ್ನೇ ನೋಡುತ್ತ ಉಸಿರು ಹಿಡಿದು ನಿಂತಿದ್ದರು. ಯಂತ್ರ ನರಳಿತು, ಘನದ ಮೈಮೇಲೆ ಕೂದಲೆಳೆಯಂತೆ ಒಂದು ಬಿರುಕು ಓಡಿತು, ಟಪ್ಪೆಂದು ಒಡೆಯಿತು. ಯಾರೋ ಚಪ್ಪಾಳೆ ತಟ್ಟಿದರು. ಅವನು ಚೂರನ್ನೆತ್ತಿ ಮೂಸಿ ನೋಡಿದ, ಮಾವಿನ ಹಣ್ಣು ಮೂಸುವವನ ಹಾಗೆ. ತನ್ನ ಗಂಡನಿಗೆ ಇಂಥದ್ದೊಂದು ಮುಖ ಇರುವುದು ಇಷ್ಟು ಜನಕ್ಕೆ ಗೊತ್ತು, ತನಗೊಬ್ಬಳಿಗೆ ಗೊತ್ತಿಲ್ಲ ಎಂದು ಅವಳಿಗೆ ಕೊಂಚ ಹೊಟ್ಟೆಕಿಚ್ಚೂ ಆಯಿತು.

ಅವನು ಅವಳನ್ನು ನೋಡಿದ. ಎದೆಗವಚಿಕೊಂಡ ಘನವನ್ನು ನೋಡಿದ. "ಮನೇಲಿ ಅಮ್ಮ ಹುಷಾರಾಗಿದಾರಾ?" ಎಂದ ಮೊದಲು.

"ಹುಷಾರಾಗಿದಾರೆ. ಒಂದು ಮಾತು ಹೇಳ್ಬೇಕಿತ್ರೀ."

ಘನವನ್ನು ತೊಟ್ಟಿಯ ಅಂಚಿಗಿಟ್ಟಳು. ಷೆಡ್ಡಿನ ಹಿಂದೆ, ಕೈ ತೊಳೆಯುವ ನಲ್ಲಿಯ ಬಳಿ ಹೋದರು. ಅವನು ನಲ್ಲಿ ಬಿಟ್ಟ. ಕೈಯಿಂದ ಬೂದು ನೀರು ಇಳಿಯುತ್ತಿತ್ತು. ದಾರಿಯುದ್ದಕ್ಕೂ ಅವಳು ಎರಡು ಮೂರು ಬಗೆಯಾಗಿ ಹೇಳಿ ನೋಡಿಕೊಂಡಿದ್ದಳು. ಮಾತು ಹೆಣೆಯುವ ಆ ಕೌಶಲವೇ ಈಗ ಅಸಹ್ಯವೆನಿಸಿ, "ಆ ವಿಶ್ರಾಂತಿ ಮಾತು ಹೇಳಿದ್ದು ನಾನು," ಎಂದುಬಿಟ್ಟಳು. "ಒಂಬತ್ತು ಅಂತ ಬರೆದಿದ್ದೂ ನಾನೇ. ಹದಿನೇಳು ಯಾರು ಅಂತ ಗೊತ್ತಿರಲಿಲ್ಲ."

ಅವನು ಉಗುರಿನ ಸಂದಿಯ ಸಿಮೆಂಟು ತಿಕ್ಕುತ್ತಲೇ ಇದ್ದ. "ಗೊತ್ತಿದ್ದಿದ್ರೆ ಹೇಳ್ತಿರಲಿಲ್ವಾ?"

"ಇಲ್ಲ."

"ಬೇರೆ ಯಾರದೋ ಆಗಿದ್ರೆ ಪರವಾಗಿರಲಿಲ್ಲ ಅನ್ನು."

ಅವನು ನಲ್ಲಿ ನಿಲ್ಲಿಸಿ, ಕೈ ಕೊಡವಿ, ನಗಲು ನೋಡಿದ. ನಗು ಬಸ್ಸು ತಪ್ಪಿದವನ ಹಾಗೆ ತಡವಾಗಿ ಬಂತು. "ಮಾತು ಮಾತ್ರ ಚೆನ್ನಾಗಿದೆ ಕಣೇ. ನಾನೇ ಕ್ಯಾಂಟೀನಲ್ಲಿ ನಾಲ್ಕು ಜನಕ್ಕೆ ಹೇಳಿ ನಗಿಸಿದೀನಿ," ಎಂದ. ಅವನು ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು, ಬುಕಿಂಗ್ ಮಾಡಿಸದಿದ್ದದ್ದು ಯಾರ ತಪ್ಪು ಎಂದು ಕೇಳುತ್ತಿದ್ದಳು. ಆ ಪ್ರಶ್ನೆ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಕೇಳಲು ಅವನು ಜಾಗ ಕೊಡಲಿಲ್ಲ. "ಸೀರೆ ಒದ್ದೆಯಾಗಿದೆ, ಸಭೆಗೆ ಹೋಗೋ ಮುಂಚೆ ಒಣಗಿಸ್ಕೋ," ಎಂದು ಹೇಳಿ ಒಳಗೆ ಹೋದ.

ಮೂರಕ್ಕೆ ಸಭೆ. ಸೀರೆ ಒಣಗಿತ್ತು, ಬೂದು ಕಲೆ ಉಳಿದಿತ್ತು. ಸುಮ್ಮನಿದ್ದರೆ ಸುಳ್ಳು ಸಂಖ್ಯೆಯಿಂದ ಲ್ಯಾಬು ಮುಚ್ಚುತ್ತದೆ. ಬಾಯಿ ಬಿಟ್ಟರೆ ಗಂಡನನ್ನು ಉಳಿಸಲು ಹೆಂಡತಿ ಸಂಖ್ಯೆ ತಿದ್ದಿದಳು ಎನ್ನುತ್ತಾರೆ. ಎರಡೂ ಕಡೆ ಲೆಕ್ಕ ಹಾಕಿ ನೋಡಿದಳು. ಯಾವ ಕಡೆಯಿಂದ ಹಾಕಿದರೂ ತನಗೆ ಸೊನ್ನೆಯೇ ಬರುತ್ತಿತ್ತು. ಹೀಗಾಗಿ ತನ್ನನ್ನು ಬಿಟ್ಟು ಲೆಕ್ಕ ಹಾಕುವುದು ಸುಲಭವಾಯಿತು. ಕುಲಸಚಿವರು ಹದಿನೇಳಕ್ಕೆ ಬಂದಾಗ ಎದ್ದು ನಿಂತಳು. ಹದಿನೆಂಟು ಮುಖಗಳೂ ಹೋದ ಸಲದ ಸಿಹಿ ನೆನೆದು ಆಗಲೇ ಅರ್ಧ ನಗಲು ಶುರುಮಾಡಿದ್ದವು.

"ಈ ಸಂಖ್ಯೆ ತಪ್ಪಿದೆ ಸರ್. ಅಲ್ಲಿ ಜನ ಬುಕಿಂಗ್ ಇಲ್ಲದೆ ಬಂದು ಕೆಲಸ ಮಾಡ್ತಾರೆ."

"ಯಾವಾಗ ಗೊತ್ತಾಯ್ತು?"

"ಇವತ್ತು ಬೆಳಗ್ಗೆ. ತಿಂಡಿ ಹೊತ್ತಲ್ಲಿ."

"ಯಾರು ಹೇಳಿದ್ದು?"

"ನನ್ನ ಗಂಡ. ಆ ಲ್ಯಾಬು ಅವರದೇ."

ನಡಾವಳಿ ಬರೆದುಕೊಳ್ಳುತ್ತಿದ್ದ ಸಹಾಯಕ ಪೆನ್ನೆತ್ತಿ, "ಹಾಗೇ ಬರೀಲಾ ಸರ್, ತಿಂಡಿ ಅಂತ?" ಎಂದು ಮೆಲ್ಲಗೆ ಕೇಳಿದ. ಯಾರೋ ಕೆಮ್ಮಿದರು. ಮೇಜಿನ ಆ ತುದಿಯಿಂದ ಒಬ್ಬ ಪ್ರಾಧ್ಯಾಪಕರು, "ಸರಿಯಾದ ಸಂಖ್ಯೆ ಎಷ್ಟು ಹಾಗಾದರೆ?" ಎಂದರು. "ಗೊತ್ತಿಲ್ಲ," ಎಂದಳು. ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಆ ಪದ ಆಡಿದ್ದು ಇದೇ ಮೊದಲು. ಬಾಯಿಗೆ ಹೊಸ ಚಪ್ಪಲಿಯ ಹಾಗೆ ಕಚ್ಚಿತು. ಕುಲಸಚಿವರು ಒಳ್ಳೆಯ ಮನುಷ್ಯರೇ. ನಗುತ್ತಲೇ, "ಹೋದ ಸಲದ ಆ ಮಾತನ್ನೂ ಹಿಂದಕ್ಕೆ ತಗೋತೀರೋ, ಅದನ್ನ ನಾವೇ ಇಟ್ಕೊಳ್ಳೋದೋ?" ಎಂದು ಕೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹೇಳಬಹುದಿತ್ತು. ಹೇಳಿದ್ದರೆ ಎಲ್ಲರೂ ಮತ್ತೆ ನಗುತ್ತಿದ್ದರು. "ತಗೋತೀನಿ ಸರ್," ಎಂದಷ್ಟೇ ಹೇಳಿ ಕೂತಳು. ನಲವತ್ತೊಂದು ಲ್ಯಾಬುಗಳನ್ನೂ ಒಂದು ತಿಂಗಳು ಕಣ್ಣಿಂದ ನೋಡಿ ಎಣಿಸಬೇಕೆಂದೂ, ಎಣಿಸುವ ಹೊಣೆಯನ್ನು ವಿಭಾಗದಲ್ಲಿ ಅವಳ ಎದುರು ಮೇಜಿನಲ್ಲಿ ಕೂರುವ ಹುಡುಗಿಗೆ ಕೊಡಬೇಕೆಂದೂ ತೀರ್ಮಾನವಾಯಿತು. ಸಭೆಯಲ್ಲಿ ವರದಿ ಮಂಡಿಸುವ ಕೆಲಸವೂ ಅವಳ ಕೈಬಿಟ್ಟು ಹೋಯಿತು. ಇನ್ನು ಮೇಲೆ ಬೇರೆಯವರ ಕೋಷ್ಟಕ ಪರಿಶೀಲಿಸಿ ಸಹಿ ಹಾಕುವುದು. ಹೊರಗೆ ಬರುವಾಗ ಸಾರಾಂಶ ಸಾಹೇಬರು, "ತಪ್ಪಿದೆ ಅಂತ ಬೆಳಗ್ಗೆಯೇ ಹೇಳಿದ್ರೆ ಆಗ್ತಿತ್ತಲ್ಲಮ್ಮ," ಎಂದರು.

ಎದುರು ಮೇಜಿನವಳು ಸೇರಿ ಎರಡು ವರ್ಷವಾಗಿತ್ತು. ಕೆಲಸ ಕಲಿಸಿದ್ದು ಇವಳೇ. ಆ ಹುಡುಗಿ ಉಳಿದ ಲ್ಯಾಬುಗಳಿಗೆ ಜನ ಇಟ್ಟು, ಹದಿನೇಳಕ್ಕೆ ತಾನೇ ಮಡಿಚುವ ಕುರ್ಚಿ ಹಿಡಿದುಕೊಂಡು ಹೋಗಿ ದಿನವಿಡೀ ಕೂತಳು. ಸಂಜೆ ಬಂದು ಏನೂ ಹೇಳುವಂತಿರಲಿಲ್ಲ, ಇವಳೂ ಕೇಳುವಂತಿರಲಿಲ್ಲ. ಆದರೆ ಎರಡನೆಯ ವಾರ ತಡೆಯಲಾರದೆ, "ನಿಮ್ಮ ಯಜಮಾನರಿಗೆ ಸ್ವಲ್ಪ ಹೇಳಿ ಮೇಡಂ," ಎಂದಳು. "ಲ್ಯಾಬು ಉಳೀಲಿ ಅಂತ ವಿದ್ಯಾರ್ಥಿಗಳು ಪುಸ್ತಕ ಹಿಡ್ಕೊಂಡು ಬಂದು ಸುಮ್ಮನೆ ನಿಂತ್ಕೋತಾರೆ. ಇವರು ಒಬ್ಬೊಬ್ಬರನ್ನೇ, ಕೆಲಸ ಏನು, ಇಲ್ವಾ, ಹಾಗಾದ್ರೆ ಹೊರಡಿ ಅಂತ ಅಟ್ತಾರೆ. ನಾನು ತಲೆ ಎಣಿಸೋ ಕ್ಲಿಕ್ಕರ್ ಒತ್ತೋ ಮುಂಚೇನೇ." ಇವಳಿಗೆ ಮೈಯೆಲ್ಲ ಉರಿದುಹೋಯಿತು. ಸತ್ಯಹರಿಶ್ಚಂದ್ರನ ತುಂಡು ಎಂದು ಮನಸ್ಸಿನಲ್ಲೇ ಬೈದಳು. ಮನೆಯಲ್ಲಿ ಅವನು ಆಗ ಮಾತನ್ನೇ ಕಡಿಮೆ ಮಾಡಿದ್ದ. ಮುನಿಸಲ್ಲ, ಉಪ್ಪು ಕೇಳುತ್ತಿದ್ದ, ಸ್ಕೂಟರಿಗೆ ಹತ್ತು ಎನ್ನುತ್ತಿದ್ದ, ಪಾತ್ರೆಯನ್ನೂ ಒರೆಸುತ್ತಿದ್ದ. ಪಕ್ಕದಲ್ಲಿ ನಿಂತು ಅವಳು ಏನಾದರೂ ತಮಾಷೆಯ ಮಾತು ತೆಗೆದರೆ ಮಾತ್ರ ಒಂದು ಕ್ಷಣ ನಿಂತು, ಆ ಮಾತನ್ನು ಬೆಳಕಿಗೆ ಹಿಡಿದು ನೋಡುವವನ ಹಾಗೆ ನೋಡಿ, ಆಮೇಲೆ ನಗುತ್ತಿದ್ದ. ಅವಳು ತಮಾಷೆ ಬಿಟ್ಟಳು. ಅತ್ತೆ, "ಏನ್ರೇ ಇಬ್ಬರೂ, ಮನೆ ಆಸ್ಪತ್ರೆ ವರಾಂಡ ಆದ ಹಾಗಾಗಿದೆ," ಎಂದರು.

ತಿಂಗಳು ಕಳೆದ ಮೇಲೆ ಎದುರು ಮೇಜಿನವಳು ಹಾಳೆ ತಂದು ಅವಳ ಮುಂದಿಟ್ಟಳು. ಪರಿಶೀಲಕರ ಸಹಿಗೆ ಕೆಳಗೆ ಜಾಗ. ಹದಿನೇಳರ ಮುಂದೆ ಇಪ್ಪತ್ತೈದು ಎಂದಿತ್ತು. ಎದೆ ಹಗುರಾಗುವ ಮೊದಲೇ ಅವಳ ಹಾಳು ಕಣ್ಣು ಅಂಚಿನ ಮೂಲ ಗಂಟೆಗಳ ಕಡೆ ಹೋಗಿ, ತಲೆ ತಾನಾಗಿಯೇ ಭಾಗಿಸಿಬಿಟ್ಟಿತ್ತು. ಇಪ್ಪತ್ತನಾಲ್ಕು ಪಾಯಿಂಟ್ ಆರು.

"ದಶಾಂಶ ಎಲ್ಲಿ?" ಎಂದಳು.

"ಎಲ್ಲಾ ಲ್ಯಾಬಿಗೂ ಹತ್ತಿರದ ಪೂರ್ಣಾಂಕ ಮಾಡಿದೀನಿ ಮೇಡಂ. ಕಣ್ಣಲ್ಲಿ ಎಣಿಸಿದ್ದಕ್ಕೆ ದಶಾಂಶ ಹಾಕಿದ್ರೆ ಇಲ್ಲದ ನಿಖರತೆ ತೋರಿಸಿದ ಹಾಗಾಗುತ್ತೆ ಅಲ್ವಾ?"

ಅದರಲ್ಲಿ ತಪ್ಪಿಲ್ಲ. ನಲವತ್ತೊಂದಕ್ಕೂ ಒಂದೇ ನಿಯಮ. ಆದರೂ ಹುಡುಗಿಯ ಮುಖವನ್ನು ನೋಡಲು ಧೈರ್ಯ ಬರಲಿಲ್ಲ. ಅಲ್ಲಿ ಕರುಣೆಯೇನಾದರೂ ಇದ್ದರೆ ಅದನ್ನು ನೋಡಿದಂತಾಗುತ್ತಿತ್ತು. ತಿದ್ದುವ ಕೆಂಪು ಪೆನ್ನು ಬಲಗಡೆ, ಸಹಿಯ ನೀಲಿ ಪೆನ್ನು ಎಡಗಡೆ. ಯಾವುದನ್ನು ಮುಟ್ಟಿದರೂ ಬೆರಳು ಹೆಂಡತಿಯದೇ. ಬೇಕೆಂದೇ ಕೆಂಪು ಎತ್ತಿದರೆ ತನ್ನ ಪ್ರಾಮಾಣಿಕತೆಯನ್ನು ಮೆರೆಸಲು ಅವನನ್ನು ಉಗ್ರಾಣಕ್ಕೆ ಕಳಿಸಿದಂತೆ. ನೀಲಿ ಎತ್ತಿದರೆ ಕಳ್ಳತನದಂತೆ. ಹಾಳೆಯನ್ನು ಎರಡು ಬೆರಳಲ್ಲಿ ಹಿಂದಕ್ಕೆ ತಳ್ಳಿದಳು. "ಇದನ್ನ ನಾನು ನೋಡಬಾರದು. ಸಾಹೇಬರಿಗೇ ಕೊಡು." ಸಾರಾಂಶ ಸಾಹೇಬರು ಪೂರ್ಣಾಂಕಗಳನ್ನು ಕಂಡು ಸಂತೋಷಪಟ್ಟು, ನಿಂತಲ್ಲೇ ಸಹಿ ಹಾಕಿದರಂತೆ.

ಭಾನುವಾರ ಬೆಳಗ್ಗೆ ಮಹಡಿಯ ಮೇಲೆ ಬಟ್ಟೆ ಹರವುವಾಗ ಗಂಡ ತಾನಾಗಿಯೇ ಬಕೆಟ್ಟು ಹಿಡಿದು ಬಂದ. ನಿನ್ನೆ ಆದೇಶ ಬಂದಿತ್ತು, ಲ್ಯಾಬು ಉಳಿದಿತ್ತು. ಒಂದು ತಿಂಗಳ ಮೇಲೆ ಮೊದಲ ಸಲ ಅವನ ಮುಖ ಸಡಿಲವಾಗಿತ್ತು. "ಸರಿಯಾಗಿ ಇಪ್ಪತ್ತೈದು. ಗೆರೆ ಮೇಲೆ ಬಂದು ನಿಂತಿದೆ ನೋಡು, ಅಳೆದು ಸುರಿದ ಹಾಗೆ," ಎಂದ.

ಅವಳ ಬಾಯಲ್ಲಿ ಕ್ಲಿಪ್ಪು ಇತ್ತು. ಹೂಂ ಎಂದಿದ್ದರೆ ಸಾಕಿತ್ತು. ಅವನು ಇನ್ನೇನೂ ಕೇಳುತ್ತಿರಲಿಲ್ಲ, ಬಿಸಿಲೂ ಚೆನ್ನಾಗಿತ್ತು. ಕ್ಲಿಪ್ಪನ್ನು ತೆಗೆದು ಹಗ್ಗಕ್ಕೆ ಸಿಕ್ಕಿಸಿದಳು.

"ಇಪ್ಪತ್ತೈದಲ್ಲ. ಇಪ್ಪತ್ನಾಲ್ಕು ಪಾಯಿಂಟ್ ಆರು. ಪೂರ್ಣಾಂಕ ಮಾಡಿದಾಗ ಇಪ್ಪತ್ತೈದಾಯ್ತು."

ಅವನು ಒದ್ದೆ ಹೊದಿಕೆಯ ತುದಿ ಹುಡುಕುತ್ತಿದ್ದವನು ನಿಲ್ಲಿಸಿದ. "ಮಿಕ್ಕ ಪಾಯಿಂಟ್ ನಾಲ್ಕು ಎಲ್ಲಿ ಹೋಯ್ತು?"

"ಹುಡುಗರನ್ನ ಅಟ್ಟಿದ್ರಲ್ಲ, ಅವರ ಜೊತೆ."

"ಕೆಲಸ ಇಲ್ದೋರನ್ನ ಏನು ಮಾಡ್ಲಿ ಮತ್ತೆ?" ಎಂದು ಅವನು ಗೊಣಗಿದ. ಮತ್ತೆ ತುದಿ ಹುಡುಕುತ್ತ, "ನೀನು ಸಹಿ ಹಾಕಿದ್ಯಾ ಅದಕ್ಕೆ?"

"ಇಲ್ಲ. ನಿಮ್ಮ ಹೆಂಡತಿ ಅಲ್ವಾ, ನಾನು ನೋಡಬಾರದು ಅಂತ ವಾಪಸ್ ಕಳಿಸಿದೆ."

"ಹೆಂಡತಿ ಆಗಿಲ್ದೇ ಇದ್ದಿದ್ರೆ?"

ಇದನ್ನು ಅವಳು ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡಳು; ಉತ್ತರ ತಡವಿಲ್ಲದೆ ಬಂತು. "ಕೆಂಪಲ್ಲಿ ಗೀಟು ಹಾಕ್ತಿದ್ದೆ. ಗೆರೆ ಹತ್ರ ಇರೋದನ್ನ ಪೂರ್ಣಾಂಕ ಮಾಡಬಾರದು ಅಂತ ಬರೆದು ವಾಪಸ್ ಕೊಡ್ತಿದ್ದೆ."

"ಮುಚ್ಚಿ ಹೋಗ್ತಿತ್ತು."

"ಹೂಂ."

ಹೊದಿಕೆಯ ಒಂದು ತುದಿ ಅವನ ಕೈಗೆ ಸಿಕ್ಕಿತು, ಇನ್ನೊಂದನ್ನು ಅವಳತ್ತ ಎಸೆದ. ಇಬ್ಬರೂ ಎರಡು ಕಡೆ ನಿಂತು ಹಿಂಡತೊಡಗಿದರು. ನೀರು ಧಾರೆಯಾಗಿ ಇಳಿಯಿತು. ಅವನು ಹಲ್ಲು ಕಚ್ಚಿ ತಿರುಚುತ್ತ ಏನನ್ನೋ ಕೂಡಿಸಿ ಕಳೆಯುತ್ತಿದ್ದವನ ಹಾಗೆ ಕಾಣುತ್ತಿದ್ದ. ಕೊನೆಗೆ ಎಂದ:

"ಅಂದ್ರೆ ನಾನು ನಿನ್ನ ಮದುವೆ ಆಗಿದ್ದಕ್ಕೆ ಲ್ಯಾಬು ಉಳೀತು."

ಅವಳು ತಿರುಚುವುದನ್ನು ನಿಲ್ಲಿಸಿ ನೋಡಿದಳು.

"ಹತ್ತೊಂಬತ್ತು ವರ್ಷಕ್ಕೆ ಒಂದು ಉಪಯೋಗ ಕಂಡ್ತಲ್ಲ," ಎಂದ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ಅವಳಿಗೆ ನಗು ಬಂದು ತುದಿ ಕೈಜಾರಿ, ಹೊದಿಕೆ ಪಟಪಟನೆ ಬಿಚ್ಚಿಕೊಂಡು ನೀರೆಲ್ಲ ಅವನ ಮೈಮೇಲೆ ಎರಚಿತು.